ಯಗಟಿಯ ತೆಂಗಿನ ತೋಟಕ್ಕೆ ಯಾವ ಕೇಬಲ್?

ಚಿಕ್ಕಮಗಳೂರು ಜಿಲ್ಲೆಗೆ ಹೋಗ್ತಿದ್ದೀನಿ ಅಂದ್ರೆ ಆಫೀಸಿನಲ್ಲಿ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ಯಾವ ಹೋಮ್‌ಸ್ಟೇ? ಕಾಫಿ ತೋಟ, ಮಂಜು, ಜಲಪಾತ, ಮುಳ್ಳಯ್ಯನಗಿರಿ ಮೇಲೊಂದು ಸೆಲ್ಫಿ. ಜಿಲ್ಲೆಯ ಇನ್ನೊಂದು ಮುಖ ಯಾರ ರೀಲ್ಸ್‌ನಲ್ಲೂ ಬರೋದಿಲ್ಲ. ಗಿರಿಶ್ರೇಣಿಯ ಪೂರ್ವಕ್ಕೆ ಇಳಿದರೆ ಸಿಗೋದು ಮಳೆ ನೆರಳಿನ ಬಯಲುಸೀಮೆ, ಕಡೂರು ತಾಲ್ಲೂಕು. ಮುಂಗಾರಿನ ಮೋಡಗಳು ನೀರನ್ನೆಲ್ಲ ಆ ಕಡೆ ಇಳಿಜಾರಿಗೇ ಸುರಿದು, ಈ ಕಡೆಗೆ ಬರೀ ಗಾಳಿ ಕಳಿಸುತ್ತವೆ. ಇಲ್ಲಿ ನಾಲ್ಕು ಜನ ಸೇರಿದರೆ ಮಾತು ರಾಗಿ, ತೆಂಗು, ಈರುಳ್ಳಿ, ಕೊನೆಗೆ ಬೋರ್‌ವೆಲ್‌ಗೆ ಬಂದು ನಿಲ್ಲುತ್ತೆ.

ಯಗಟಿ ಈ ತಾಲ್ಲೂಕಿನ ಒಂದು ಹೋಬಳಿ ಊರು. ನಮ್ಮ ಸೋದರಮಾವ ಅಲ್ಲಿದ್ದಾರೆ. ಬೆಂಗಳೂರಿನಿಂದ ರೈಲು ಹತ್ತಿದರೆ ತುಮಕೂರು, ತಿಪಟೂರು, ಅರಸೀಕೆರೆ, ಬಾಣಾವರ ದಾಟಿ ಕಡೂರು. ತಿಪಟೂರು ಬಂದ ಮೇಲೆ ಕಿಟಕಿಯಾಚೆ ತೆಂಗು ಶುರುವಾಗುತ್ತೆ, ಆಮೇಲೆ ನಿಲ್ಲೋದೇ ಇಲ್ಲ. ಕಡೂರಿನಲ್ಲಿ ಇಳಿದಾಗ ಪಶ್ಚಿಮಕ್ಕೆ ಬಾಬಾಬುಡನ್‌ಗಿರಿ ಸಾಲು ನೀಲಿಯಾಗಿ ಕಾಣುತ್ತೆ. ಅದಕ್ಕೆ ಬೆನ್ನು ಹಾಕಿ ಯಗಟಿ ಬಸ್ಸು ಹತ್ತಬೇಕು.

ಈ ಸಲ ನನ್ನ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇರಲಿಲ್ಲ. ಮಲ್ಟಿಮೀಟರ್, ಸೋಲ್ಡರಿಂಗ್ ಕಡ್ಡಿ, ಒಂದಷ್ಟು ಕನೆಕ್ಟರ್‌ಗಳು ಮತ್ತು ನಾಲ್ಕು ತುಂಡು ಕೇಬಲ್ ಇದ್ದವು. ಮಾವನಿಗೆ ಹ್ಯಾಮ್ ರೇಡಿಯೊ ಲೈಸೆನ್ಸ್ ಬಂದಿತ್ತು. ಆಂಟೆನಾ ಕಟ್ಟಬೇಕಿತ್ತು.

ಅರವತ್ತು ದಾಟಿದ ಮೇಲೆ ಪರೀಕ್ಷೆ

ಹ್ಯಾಮ್ ರೇಡಿಯೊ ಅಂದ್ರೆ ಹವ್ಯಾಸಿ ರೇಡಿಯೊ. ಕೇಂದ್ರ ಸಂವಹನ ಸಚಿವಾಲಯದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಸ್ವಂತ ರೇಡಿಯೊ ಸ್ಟೇಷನ್ ಇಟ್ಟುಕೊಳ್ಳಬಹುದು. ಮಧ್ಯದಲ್ಲಿ ಟವರ್ ಬೇಡ, ಸಿಮ್ ಬೇಡ, ರೀಚಾರ್ಜ್ ಬೇಡ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದ ಜೊತೆ ಪೋರ್ಟ್‌ಬ್ಲೇರ್‌ನಲ್ಲಿದ್ದರು. ಹವ್ಯಾಸಕ್ಕೆಂದು ಹೂಡಿದ್ದ ಅವರ ಸ್ಟೇಷನ್ನೇ ಆಮೇಲೆ ಅಂಡಮಾನಿನ ಸುದ್ದಿಯನ್ನು ಹೊರಗಿನವರಿಗೆ ಮುಟ್ಟಿಸುವ ದಾರಿಯಾಯಿತು.

ಮಾವ ಈ ಕಥೆಯನ್ನು ನನ್ನಿಂದಲೇ ಕೇಳಿದ್ದು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. "ನಿಂಗೆ ಬರೋದಾದ್ರೆ ನಂಗ್ಯಾಕೆ ಬರಲ್ಲ?" ಅಂದರು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಕೋಡ್ ಬೇಕಿಲ್ಲ. ಸರ್ಕ್ಯೂಟು, ಆಂಟೆನಾ, ಒಂದಷ್ಟು ಕಾನೂನು ಓದಿಕೊಂಡರೆ ಸಾಕು. ತೋಟಕ್ಕೆ ನೀರು ಬಿಟ್ಟು ಮರದಡಿ ಕೂತು ಓದಿದರು. ಓಮನ ನಿಯಮವನ್ನು ಮೂವತ್ತು ವರ್ಷ ಹೇಳಿಕೊಟ್ಟವರಿಗೆ ಪರೀಕ್ಷೆ ಕಷ್ಟ ಆಗಲಿಲ್ಲ.

ಅವರ ಉತ್ಸಾಹಕ್ಕೆ ಇನ್ನೊಂದು ಕಾರಣವೂ ಇತ್ತು. ಏಪ್ರಿಲ್, ಮೇ ತಿಂಗಳ ಗಾಳಿಮಳೆ ಬಂದರೆ ಕರೆಂಟು ಹೋಗುತ್ತೆ. ಅದು ಒಂದು ದಿನ ಬರದಿದ್ದರೆ ಮೊಬೈಲ್ ಸಿಗ್ನಲ್ಲೂ ಹೋಗುತ್ತೆ. ಮಕ್ಕಳೆಲ್ಲ ಬೆಂಗಳೂರಲ್ಲಿ. ಅಂಥ ಒಂದೆರಡು ದಿನ ಯಗಟಿಯ ಮನೆಯಲ್ಲಿ ಮಾವ ಅತ್ತೆ ಇಬ್ಬರೇ. ಇಲ್ಲಿಂದ ನಾವು ಫೋನ್ ಮಾಡಿ ಮಾಡಿ ಸಾಕಾಗೋದು, ಅಲ್ಲಿ ಅವರು ನಮ್ಮ ಗಾಬರಿ ನೆನೆದು ಒದ್ದಾಡೋದು.

ಬೋರ್‌ವೆಲ್ ಗೊತ್ತಿದ್ದವರಿಗೆ ಕೇಬಲ್ ಗೊತ್ತು

ರೇಡಿಯೊ ಕೊಳ್ಳೋದು ಸುಲಭ. ದುಡ್ಡು ಕೊಟ್ಟರೆ ಡಬ್ಬ ಬರುತ್ತೆ. ಆಂಟೆನಾ ಇನ್ನೂ ಸುಲಭ, 7 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್ ಉದ್ದದ ವೈರು. ತಲೆ ಕೆಡಿಸೋದು ಇವೆರಡರ ನಡುವಿನ ಕೇಬಲ್. ರೇಡಿಯೊದಿಂದ ಹೊರಟ ವಿದ್ಯುತ್ತಿನಲ್ಲಿ ಎಷ್ಟು ಆಂಟೆನಾ ಮುಟ್ಟುತ್ತೆ, ಎಷ್ಟು ದಾರಿಯಲ್ಲೇ ಬಿಸಿಯಾಗಿ ಕರಗುತ್ತೆ ಅನ್ನೋದನ್ನು ನಿರ್ಧರಿಸೋದು ಅದೇ.

ಇದು ನಮ್ಮ ಮನೆಗಳಲ್ಲಿ ಟಿವಿಗೆ ಬರುವ ದುಂಡನೆ ಕೇಬಲ್‌ನ ಬಂಧು. ಕೋಆಕ್ಸಿಯಲ್ ಅಂತ ಹೆಸರು. ನಡುವೆ ಒಂದು ತಂತಿ, ಅದರ ಸುತ್ತ ಬಿಳಿ ಪಾಲಿಥೀನ್, ಅದರ ಮೇಲೆ ಹೆಣೆದ ಲೋಹದ ಜಾಲರಿ, ಎಲ್ಲದರ ಮೇಲೆ ಕಪ್ಪು ಹೊದಿಕೆ. ತಂತಿಗೂ ಜಾಲರಿಗೂ ಒಂದೇ ಅಕ್ಷ, ಅದಕ್ಕೇ ಆ ಹೆಸರು. ಸಿಗ್ನಲ್ ಒಳಗೇ ಸಾಗುತ್ತೆ, ಹೊರಗಿನ ಗದ್ದಲ ಒಳಗೆ ಬರೋದಿಲ್ಲ. ಬ್ರಿಟನ್ನಿನ ಆಲಿವರ್ ಹೆವಿಸೈಡ್ 1880ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ.

ನಾನು ತಂದ ತುಂಡುಗಳನ್ನು ಜಗಲಿ ಮೇಲೆ ಹರವಿದೆ. ಬೆರಳಿಗಿಂತ ತೆಳ್ಳಗಿನ ಆರ್‌ಜಿ-58, ಸುಮಾರು 5 ಮಿಲಿಮೀಟರ್ ದಪ್ಪ. ಡಿಶ್ ಟಿವಿಗೆ ಬಳಸುವ ಆರ್‌ಜಿ-6, ಸುಮಾರು 7 ಮಿಲಿಮೀಟರ್. ಆರ್‌ಜಿ-213 ಮತ್ತು ಎಲ್‌ಎಂಆರ್-400, ಎರಡೂ 10 ಮಿಲಿಮೀಟರ್ ಮೇಲೆ.

ಡೆಸಿಬೆಲ್ ಅಂತ ಬಾಯಿ ತೆರೆಯುವಷ್ಟರಲ್ಲಿ ಮಾವ ತಡೆದರು. "ತಡಿ. ಬೋರಿಗೆ ಮೋಟ್ರು ಇಳಿಸೋವಾಗ ಆಳ ಜಾಸ್ತಿ ಆದಂಗೆ ದಪ್ಪ ಕೇಬಲ್ ಹಾಕ್ತೀವಿ. ಇಲ್ದಿದ್ರೆ ವೋಲ್ಟೇಜು ಕೆಳಗೆ ಮುಟ್ಟೋದೇ ಇಲ್ಲ. ಇದೂ ಅದೇ ತಾನೆ?"

ಅದೇ. ಒಂದು ವ್ಯತ್ಯಾಸ ಮಾತ್ರ. ಬೋರ್‌ವೆಲ್ ಕೇಬಲ್‌ನಲ್ಲಿ ಲೆಕ್ಕಕ್ಕೆ ಬರೋದು ಉದ್ದ ಮತ್ತು ದಪ್ಪ. ರೇಡಿಯೊ ಕೇಬಲ್‌ನಲ್ಲಿ ಮೂರನೆಯದೊಂದಿದೆ, ಫ್ರೀಕ್ವೆನ್ಸಿ. ಅದು ಏರಿದಷ್ಟೂ ನಷ್ಟ ಏರುತ್ತೆ. ಒಂದೇ ಕೇಬಲ್ 7 ಮೆಗಾಹರ್ಟ್ಸ್‌ನಲ್ಲಿ ಸಾಧು, 145ರಲ್ಲಿ ಸೋರುವ ಪೈಪು.

ಲೆಕ್ಕ

ಮಾವನಿಗೆ ಬೇಕಿದ್ದದ್ದು ಎರಡು. ಒಂದು, 7 ಮೆಗಾಹರ್ಟ್ಸ್‌ನಲ್ಲಿ 50 ವ್ಯಾಟ್, ಬೆಂಗಳೂರಿನ ಜೊತೆ ಮಾತಿಗೆ. ಎರಡು, 145 ಮೆಗಾಹರ್ಟ್ಸ್‌ನಲ್ಲಿ 10 ವ್ಯಾಟ್. ಅದು ಹತ್ತಿರದವರ ಜೊತೆ ಮಾತಾಡೋದಕ್ಕೆ, ಜೊತೆಗೆ ಮೇಲೆ ಹಾದುಹೋಗುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು 145.800ರಲ್ಲಿ ಕೇಳೋದಕ್ಕೆ.

ಮನೆಯಿಂದ ತೋಟದ ನಡುವಿನ ಎತ್ತರದ ಮರದವರೆಗೆ ಟೇಪ್ ಹಿಡಿದು ಅಳೆದೆವು. ಮರ ಹತ್ತುವ ಉದ್ದವೂ ಸೇರಿ 45 ಮೀಟರ್. ಕೂತು ಲೆಕ್ಕ ಹಾಕಿದೆವು. ಕಂಪನಿಯಿಂದ ಕಂಪನಿಗೆ ಅಂಕಿ ಸ್ವಲ್ಪ ಬದಲಾಗುತ್ತೆ, ಸುಮಾರು ಹೀಗಿರುತ್ತೆ.

7 ಮೆಗಾಹರ್ಟ್ಸ್, 45 ಮೀಟರ್, 50 ವ್ಯಾಟ್ ಕಳಿಸಿದರೆ ಆಂಟೆನಾಗೆ ಮುಟ್ಟೋದು:

ಆರ್‌ಜಿ-58: 33 ವ್ಯಾಟ್
ಆರ್‌ಜಿ-6: 39 ವ್ಯಾಟ್
ಆರ್‌ಜಿ-213: 42 ವ್ಯಾಟ್
ಎಲ್‌ಎಂಆರ್-400: 44 ವ್ಯಾಟ್

145 ಮೆಗಾಹರ್ಟ್ಸ್, ಅದೇ 45 ಮೀಟರ್, 10 ವ್ಯಾಟ್ ಕಳಿಸಿದರೆ:

ಆರ್‌ಜಿ-58: ಒಂದೂಕಾಲು ವ್ಯಾಟ್
ಆರ್‌ಜಿ-6 ಮತ್ತು ಆರ್‌ಜಿ-213: 4 ವ್ಯಾಟ್‌ನ ಆಸುಪಾಸು
ಎಲ್‌ಎಂಆರ್-400: 6 ವ್ಯಾಟ್

ಮೊದಲ ಪಟ್ಟಿ ನೋಡಿ ಮಾವ ಆರ್‌ಜಿ-58ನ್ನು ಪಕ್ಕಕ್ಕೆ ಸರಿಸಿದರು. ನಾನು ವಾಪಸ್ ಇಟ್ಟೆ. 33 ಮತ್ತು 44 ವ್ಯಾಟ್ ಕಾಗದದ ಮೇಲೆ ದೂರ ದೂರ ಕಾಣುತ್ತವೆ. ಕೇಳುವವರ ಕಿವಿಗೆ ಆ ವ್ಯತ್ಯಾಸ ಒಂದೂಕಾಲು ಡೆಸಿಬೆಲ್, ಇದೆಯೋ ಇಲ್ಲವೋ ಅನ್ನುವಷ್ಟು. ರೇಡಿಯೊದ ಸಿಗ್ನಲ್ ಮೀಟರ್‌ನಲ್ಲಿ ಒಂದು ಮೆಟ್ಟಿಲು ಏರಬೇಕಾದರೆ 6 ಡೆಸಿಬೆಲ್ ಬೇಕು. ಕೇಳಿಸಿಕೊಳ್ಳುವಾಗಲೂ ಅಷ್ಟೆ. 7 ಮೆಗಾಹರ್ಟ್ಸ್‌ನಲ್ಲಿ ಆಕಾಶದ ಗೊರಗೊರವೇ ಜೋರು. ಕೇಬಲ್ ಸ್ವಲ್ಪ ನುಂಗಿದರೆ ಸಿಗ್ನಲ್ಲೂ ಗೊರಗೊರವೂ ಒಟ್ಟಿಗೇ ತಗ್ಗುತ್ತವೆ, ಕೇಳಿಸೋದು ಕೇಳಿಸುತ್ತೆ.

ಎರಡನೇ ಪಟ್ಟಿಯದು ಬೇರೆ ಕಥೆ. ಹತ್ತರಲ್ಲಿ ಒಂದೂಕಾಲು ಅಂದ್ರೆ ಎಂಟರಲ್ಲಿ ಏಳು ಪಾಲು ಹೊದಿಕೆಯೊಳಗೇ ಬಿಸಿಯಾಯ್ತು ಅಂತ. ಅಲ್ಲಿ ಆಕಾಶ ಹೆಚ್ಚು ಮೌನ. ಬಾಹ್ಯಾಕಾಶದಿಂದ ಬರುವ ಕ್ಷೀಣ ದನಿಯನ್ನು ಕೇಬಲ್ಲೇ ನುಂಗಿಬಿಟ್ಟರೆ ಆಮೇಲೆ ಎಂಥ ರೇಡಿಯೊ ಇದ್ದರೂ ಅದು ವಾಪಸ್ ಬರಲ್ಲ.

2005ರ ಮೇ 5ರಂದು ಇಸ್ರೊ ಪಿಎಸ್‌ಎಲ್‌ವಿ-ಸಿ6ರಲ್ಲಿ ಹ್ಯಾಮ್‌ಗಳಿಗಾಗಿಯೇ ಹ್ಯಾಮ್‌ಸ್ಯಾಟ್ ಅನ್ನುವ ಪುಟ್ಟ ಉಪಗ್ರಹ ಹಾರಿಸಿತ್ತು. 435ರ ಸುತ್ತ ಮಾತಾಡಿದರೆ 145ರ ಸುತ್ತ ವಾಪಸ್ ಹೇಳುತ್ತಿತ್ತು. 2014ರವರೆಗೆ ಕೆಲಸ ಮಾಡಿತು. ಅದನ್ನು ಬಳಸಿದ ಹಿರಿಯ ಹ್ಯಾಮ್‌ಗಳು ಇವತ್ತಿಗೂ ಹೊಸಬರಿಗೆ ಹೇಳೋದು ಒಂದೇ: ಮೇಲಿನ ಬ್ಯಾಂಡಿಗೆ ಹೋದರೆ ರೇಡಿಯೊದಲ್ಲಿ ಉಳಿಸು, ಕೇಬಲ್‌ನಲ್ಲಿ ಉಳಿಸಬೇಡ.

50 ಮತ್ತು 75ರ ಜಗಳ

ಎಂಜಿನಿಯರಿಂಗ್ ಓದಿದವರು ಇಲ್ಲಿ ಕೈ ಎತ್ತುತ್ತಾರೆ. ರೇಡಿಯೊ 50 ಓಮ್, ಟಿವಿ ಕೇಬಲ್ 75 ಓಮ್. ಹೊಂದೋದಿಲ್ಲವಲ್ಲ?

ಈ ಎರಡು ಅಂಕಿಗಳ ಹಿಂದೆ ಒಂದು ರಾಜಿ ಇದೆ. ಗಾಳಿಯೇ ತುಂಬಿದ ಕೋಆಕ್ಸ್‌ನಲ್ಲಿ ಅತಿ ಕಡಿಮೆ ನಷ್ಟ ಸಿಗೋದು 77 ಓಮ್‌ನ ಹತ್ತಿರ. ಅತಿ ಹೆಚ್ಚು ಶಕ್ತಿ ತಡೆದುಕೊಳ್ಳೋದು 30 ಓಮ್‌ನ ಹತ್ತಿರ. ಟಿವಿಯವರಿಗೆ ಶಕ್ತಿ ಕಳಿಸುವ ಕೆಲಸವಿಲ್ಲ, ನಷ್ಟ ಕಡಿಮೆ ಆದರೆ ಸಾಕು, 75ಕ್ಕೆ ನಿಂತರು. ಪ್ರಸಾರ ಮಾಡುವವರಿಗೆ ಎರಡೂ ಬೇಕು, ನಡುವಿನ 50 ಹಿಡಿದರು. ತೋಟದಲ್ಲಿ 50 ವ್ಯಾಟ್‌ಗೆ 75 ಓಮ್ ಹಾಕಿದರೆ ಆಗುವ ಅಸಂಗತ ಒಂದೂವರೆಗೆ ಒಂದು. ವಾಪಸ್ ಬರುವ ಶಕ್ತಿ ನೂರಕ್ಕೆ ನಾಲ್ಕು. ಈಗಿನ ರೇಡಿಯೊಗಳು ಇದಕ್ಕೆ ಗೊಣಗೋದಿಲ್ಲ. ಅಷ್ಟಕ್ಕೂ ನೇರವಾಗಿ ಎಳೆದ ಅರ್ಧ ತರಂಗದ ಡೈಪೋಲ್ ತೆರೆದ ಆಕಾಶದಲ್ಲಿ 73 ಓಮ್ ತೋರಿಸುತ್ತೆ, ಟಿವಿ ಕೇಬಲ್‌ಗೆ ಹೆಚ್ಚುಕಡಿಮೆ ಸರಿಜೋಡಿ.

ಆರ್‌ಜಿ-6ರ ನಿಜವಾದ ತಕರಾರು ಬೇರೆ. ಅದರ ಜಾಲರಿ ಸಾಮಾನ್ಯವಾಗಿ ಅಲ್ಯೂಮಿನಿಯಂ, ಸೋಲ್ಡರ್ ಹಿಡಿಯೋದಿಲ್ಲ. ಒತ್ತಿ ಕೂರಿಸುವ ಟಿವಿ ಕನೆಕ್ಟರನ್ನೇ ಹಾಕಿ, ರೇಡಿಯೊ ಕಡೆಗೆ ಒಂದು ಅಡಾಪ್ಟರ್ ಕೊಡಬೇಕು. ನಡುವಿನ ತಂತಿ ಬಹುತೇಕ ತಾಮ್ರ ಲೇಪಿಸಿದ ಉಕ್ಕು. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು: ಹಳೇ ಸ್ಪೀಕರಿನ ಮ್ಯಾಗ್ನೆಟ್ ಹಿಡಿಯಿರಿ, ಅಂಟಿಕೊಂಡರೆ ಉಕ್ಕು. ಹಾಗಂತ ಬಿಸಾಕಬೇಕಿಲ್ಲ. 7 ಮೆಗಾಹರ್ಟ್ಸ್ ವಿದ್ಯುತ್ತು ತಾಮ್ರದ ಒಳಗೆ ಇಳಿಯೋದು ಒಂದು ಮಿಲಿಮೀಟರಿನ ನಲವತ್ತನೇ ಒಂದು ಪಾಲು. ಲೇಪ ಅಷ್ಟಿದ್ದರೆ ಉಕ್ಕಿನ ಸುದ್ದಿಗೇ ಅದು ಹೋಗೋದಿಲ್ಲ. ಇನ್ನೂ ಕೆಳಗಿನ ಬ್ಯಾಂಡುಗಳಿಗೆ ಮಾತ್ರ ಪೂರ್ತಿ ತಾಮ್ರದ್ದೇ ಒಳ್ಳೇದು.

ಯಾವ ಕೇಬಲ್ ಕೊಂಡರೂ ಇನ್ನೊಂದು ಕೆಲಸ ಮಾಡಿ. ತುದಿಯಲ್ಲಿ ಎರಡಿಂಚು ಹೊದಿಕೆ ಸೀಳಿಸಿ ನೋಡಿ. ಜಾಲರಿ ದಟ್ಟವಾಗಿ ಹೆಣೆದಿರಬೇಕು. ಕೂದಲುದುರಿದ ತಲೆ ತರಹ ನಡುವೆ ಬಿಳಿ ಕಾಣುತ್ತಿದ್ದರೆ, ಮೇಲೆ ಏನೇ ಹೆಸರು ಅಚ್ಚು ಹಾಕಿರಲಿ, ವಾಪಸ್ ಇಡಿ.

ಅತ್ತೆಯ ಷರತ್ತು

ಇಷ್ಟೆಲ್ಲ ನಡೆಯುವಾಗ ಅತ್ತೆ ಒಳಗಿಂದ ಕೇಳಿಸಿಕೊಳ್ಳುತ್ತಿದ್ದರು. ಸಂಜೆ ಕಾಫಿ ತಂದವರು ಲೋಟ ಇಟ್ಟು ಹೇಳಿದರು: "ಎಲ್ಲಾ ಸರಿ. ಆ ತಂತಿ ಮನೆಯೊಳಗೆ ಬರಕೂಡ್ದು."

ಮಾವ ನಕ್ಕರು. ಅತ್ತೆ ನಗಲಿಲ್ಲ. ತೋಟದ ಮೂಲೆ ತೋರಿಸಿದರು. ಅಲ್ಲಿ ತಲೆಯಿಲ್ಲದ ಒಂದು ತೆಂಗಿನ ಕಾಂಡ ನಿಂತಿದೆ. ಕೆಲ ವರ್ಷದ ಹಿಂದೆ ಮುಂಗಾರು ಪೂರ್ವದ ಮಳೆಯಲ್ಲಿ ಸಿಡಿಲು ಬಡಿದದ್ದು. ಸುಳಿ ಸುಟ್ಟು, ಹೆಡೆಗಳು ಒಂದೊಂದಾಗಿ ಜೋತುಬಿದ್ದು ಮರ ಸತ್ತಿತು. "ಆವತ್ತು ಮನೆ ಕಿಟಕಿ ನಡುಗಿದ್ದು ನಂಗೆ ಗೊತ್ತು. ನೀವು ಈಗ ಮರದ ತುದಿಯಿಂದ ಮನೆಯೊಳಕ್ಕೆ ತಂತಿ ಎಳೀತೀನಿ ಅಂತೀರ."

ಇದಕ್ಕೆ 'ಏನೂ ಆಗಲ್ಲ ಬಿಡಿ ಅತ್ತೆ' ಅನ್ನೋ ಉತ್ತರ ಇಲ್ಲ. ಅವರು ಹೇಳಿದ್ದು ಸರಿ. ಎತ್ತರದಲ್ಲಿ ಕಟ್ಟಿದ ತಂತಿ ಸಿಡಿಲಿಗೆ ಮನೆಯೊಳಗೆ ದಾರಿ ತೋರಿಸಬಹುದು. ನೇರ ಹೊಡೆತವೇ ಬೇಕಿಲ್ಲ, ಹತ್ತಿರ ಎಲ್ಲೋ ಬಿದ್ದರೂ ತಂತಿಯಲ್ಲಿ ಏಳುವ ವೋಲ್ಟೇಜು ರೇಡಿಯೊ ಸುಡೋಕೆ ಸಾಕು. ಅದಕ್ಕೇ ಹ್ಯಾಮ್‌ಗಳು ಕೇಬಲ್‌ನ ಜಾಲರಿಯನ್ನು ಕಟ್ಟಡದ ಹೊರಗೇ ಭೂಮಿಗೆ ಸೇರಿಸೋದು, ನಡುವೆ ಅನಿಲ ತುಂಬಿದ ಅರೆಸ್ಟರ್ ಹಾಕೋದು, ಗುಡುಗು ಕೇಳಿದರೆ ಕೇಬಲ್ಲನ್ನೇ ಬಿಚ್ಚಿ ಹೊರಗೆ ಬಿಡೋದು. ನೇರ ಹೊಡೆತಕ್ಕೆ ಇದ್ಯಾವುದೂ ಗ್ಯಾರಂಟಿ ಅಲ್ಲ.

ಮನೆಯೊಳಗೆ ಬೇಡ ಅಂದರೆ ಎಲ್ಲಿ? ಅತ್ತೆಯೇ ಹೇಳಿದರು. "ಮೋಟ್ರು ಮನೇಲಿ ಇಟ್ಕೊಳ್ಳಿ. ದಿನಾ ಬೆಳಿಗ್ಗೆ ಹೆಂಗೂ ಅಲ್ಲೇ ಕೂತಿರ್ತಾರೆ."

ಮೋಟ್ರು ಮನೆ ಅಂದ್ರೆ ಬೋರ್‌ವೆಲ್ ಪಕ್ಕದ ಹತ್ತಡಿ ಕೋಣೆ. ಸ್ಟಾರ್ಟರ್ ಪೆಟ್ಟಿಗೆ, ಗೊಬ್ಬರದ ಚೀಲ, ಒಂದು ಹಳೇ ಮಂಚ. ಮನೆಯಿಂದ 30 ಮೀಟರ್ ದೂರ. ಅಂದ್ರೆ ನಾವು ಆರಿಸಿದ ಮರಕ್ಕೆ ಅಷ್ಟೇ ಹತ್ತಿರ. 45 ಮೀಟರಿನಲ್ಲಿ 30 ಕಳೆಯಿರಿ. ಉಳಿದದ್ದು 15.

ಲೆಕ್ಕ ಮತ್ತೆ ಹಾಕಿದೆವು. 15 ಮೀಟರಿಗೆ 7 ಮೆಗಾಹರ್ಟ್ಸ್‌ನಲ್ಲಿ ಅತಿ ತೆಳ್ಳಗಿನ ಆರ್‌ಜಿ-58 ಕೂಡ 50ರಲ್ಲಿ 43 ವ್ಯಾಟ್ ಮುಟ್ಟಿಸುತ್ತೆ. ಆರ್‌ಜಿ-6 ಆದರೆ 46. 145ರಲ್ಲಿ ಆರ್‌ಜಿ-213 ಹಾಕಿದರೆ 10ರಲ್ಲಿ 7ಕ್ಕಿಂತ ಹೆಚ್ಚು. ಉದ್ದದ ದಾರಿಗೆ ದುಬಾರಿ ಎಲ್‌ಎಂಆರ್-400 ಹಾಕಿದರೂ ಸಿಗದಿದ್ದದ್ದು ಇಲ್ಲಿ ಸಾಧಾರಣ ಕೇಬಲ್‌ನಲ್ಲೇ ಸಿಕ್ಕಿತು. ಕೇಬಲ್ ಆರಿಸುವ ಮೊದಲು ರೇಡಿಯೊ ಎಲ್ಲಿಡೋದು ಅಂತ ಆರಿಸಿ. ಇಡೀ ವಿಷಯದಲ್ಲಿ ಅತಿ ಹೆಚ್ಚು ಡೆಸಿಬೆಲ್ ಉಳಿಸಿದ್ದು ಅತ್ತೆ.

ಭೂಮಿಯ ಸಂಪರ್ಕಕ್ಕೂ ಆ ಜಾಗ ಒಳ್ಳೇದಾಯಿತು. ಬಯಲುಸೀಮೆಯ ಒಣ ಮಣ್ಣಲ್ಲಿ ಅರ್ಥಿಂಗ್ ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕಿ ನೀರು ಹೊಯ್ಯುತ್ತಾ ಇರಬೇಕು. ಇಲ್ಲಿ ಬೋರ್‌ವೆಲ್‌ನ ಕಬ್ಬಿಣದ ಕೇಸಿಂಗ್ ಪೈಪೇ ಆಳಕ್ಕೆ ಇಳಿದಿದೆ. ಎಲೆಕ್ಟ್ರಿಷಿಯನ್ ಕರೆಸಿ ಮೋಟರಿನ ಅರ್ಥಿಂಗ್, ಕೇಸಿಂಗ್, ಕೇಬಲ್‌ನ ಜಾಲರಿ ಮೂರನ್ನೂ ಒಂದಕ್ಕೊಂದು ದಪ್ಪ ತಾಮ್ರದಿಂದ ಸೇರಿಸಿದೆವು. ಭೂಮಿಗೆ ಹೋಗುವ ತಂತಿಗಳು ಬೇರೆ ಬೇರೆ ಇದ್ದರೆ ಸಿಡಿಲಿನ ಹೊತ್ತಲ್ಲಿ ಅವುಗಳ ನಡುವೆಯೇ ವೋಲ್ಟೇಜು ಏಳುತ್ತೆ. ಎಲ್ಲವನ್ನೂ ಕಟ್ಟಿಹಾಕಬೇಕು.

ಮೊಳೆ ಹೊಡೀಬೇಡ

ಕಡೂರಿನ ಡಿಶ್ ಅಂಗಡಿಯಲ್ಲಿ ಆರ್‌ಜಿ-6 ಸುರುಳಿಗಟ್ಟಲೆ ಇತ್ತು. 7 ಮೆಗಾಹರ್ಟ್ಸ್‌ಗೆ ಅದನ್ನೇ ತೆಗೆದುಕೊಂಡೆವು. 15 ಮೀಟರಿಗೆ ಯಾವುದಾದರೂ ನಡೆಯುತ್ತೆ ಅಂದ ಮೇಲೆ ತೀರ್ಮಾನ ಮಾಡಿದ್ದು ಬೇರೆಯೇ ಲೆಕ್ಕ: ಕೆಟ್ಟರೆ ಎಲ್ಲಿ ಸಿಗುತ್ತೆ? ತೆಂಗಿನ ತೋಟದಲ್ಲಿ ಅಳಿಲು ಇದೆ, ಮೋಟ್ರು ಮನೆಯಲ್ಲಿ ಇಲಿ ಇದೆ. ಇವತ್ತಲ್ಲ ನಾಳೆ ಕಚ್ಚುತ್ತವೆ. ಆಗ ಮಾವ ಬೆಂಗಳೂರಿನ ಎಸ್‌ಪಿ ರೋಡಿಗೆ ಬರೋಕಾಗುತ್ತಾ? ಕಡೂರಿಗೆ ಹೋಗಿ ಹದಿನೈದು ಮೀಟರ್ ಕತ್ತರಿಸಿಕೊಂಡು, ಕನೆಕ್ಟರ್ ಅಲ್ಲೇ ಒತ್ತಿಸಿಕೊಂಡು ಬರಬಹುದು. 145ರದಕ್ಕೆ ಮಾತ್ರ ಆರ್‌ಜಿ-213, ಅದನ್ನು ನಾನು ಎಸ್‌ಪಿ ರೋಡಿನಿಂದ ಆಮೇಲೆ ತಂದೆ. ನೆಲದ ಮೇಲೆ ಸಾಗುವ ಭಾಗವನ್ನು ಹಳೇ ಪಿವಿಸಿ ಪೈಪಿನೊಳಗೆ ತೂರಿಸಿದೆವು.

ಮರಕ್ಕೆ ಕೊಕ್ಕೆ ಹೊಡೆಯೋಣ ಅಂದಾಗ ಮಾವ ಖಡಾಖಂಡಿತ ಬೇಡ ಅಂದರು. ತೆಂಗಿಗೆ ಗಾಯವಾದರೆ ಆ ವಾಸನೆಗೆ ಕೆಂಪುಮೂತಿ ಹುಳ ಬಂದು ಮೊಟ್ಟೆ ಇಡುತ್ತೆ. ಒಳಗಿಂದ ಕೊರೆಯುತ್ತೆ, ಗೊತ್ತಾಗುವಷ್ಟರಲ್ಲಿ ಮರ ಹೋಗಿರುತ್ತೆ. ಹಾಗಾಗಿ ಹಗ್ಗದ ಕುಣಿಕೆ, ಅದಕ್ಕೊಂದು ರಾಟೆ. ಕಾಯಿ ಕೀಳುವವರೇ ಹತ್ತಿ ಕಟ್ಟಿಕೊಟ್ಟರು. ನಡುವಿನ ಮರದಲ್ಲಿ 10 ಮೀಟರ್ ಎತ್ತರ, ಎರಡು ಕೈಗಳು ಇಳಿಜಾರಾಗಿ ಆಚೀಚಿನ ಮರಗಳ ಕಡೆಗೆ. ಗಾಳಿಗೆ ಮರ ತೂಗುತ್ತೆ, ಹೆಡೆ ಬೀಳುತ್ತೆ, ಬಿಗಿಯಾಗಿ ಕಟ್ಟಿದರೆ ತಂತಿ ಹರಿಯುತ್ತೆ. ಹಗ್ಗದ ಒಂದು ತುದಿಗೆ ಮರಳು ತುಂಬಿದ ಬಾಟಲಿ ನೇತು ಹಾಕಿದೆವು. ಮರ ಬಾಗಿದರೆ ಬಾಟಲಿ ಮೇಲೇರುತ್ತೆ, ತಂತಿ ಉಳಿಯುತ್ತೆ.

10 ಮೀಟರ್ ಕಡಿಮೆ ಆಯ್ತು ಅಂತ ಅನ್ನಿಸಬಹುದು. ನಮಗೆ ಬೇಕಿದ್ದದ್ದು ಅಷ್ಟೇ. ಅಷ್ಟು ತಗ್ಗಿನ ಆಂಟೆನಾ 7 ಮೆಗಾಹರ್ಟ್ಸ್ ಅಲೆಯನ್ನು ಹೆಚ್ಚಾಗಿ ನೆತ್ತಿಯ ಕಡೆಗೇ ಎಸೆಯುತ್ತೆ. ನೂರಾರು ಕಿಲೊಮೀಟರ್ ಮೇಲಿನ ಅಯಾನುಗೋಳಕ್ಕೆ ತಾಗಿ ಅದು ಕಾರಂಜಿ ತರಹ ಸುತ್ತಲಿನ ಕೆಲವು ನೂರು ಕಿಲೊಮೀಟರಿಗೆ ಸುರಿಯುತ್ತೆ. ಯಗಟಿಯಿಂದ ಬೆಂಗಳೂರಿಗೆ ಗೆರೆ ಎಳೆದರೆ 170 ಕಿಲೊಮೀಟರಿನ ಆಸುಪಾಸು. ಹಗಲು ಹೊತ್ತಿಗೆ ಹೇಳಿ ಮಾಡಿಸಿದ ದೂರ.

ಕನೆಕ್ಟರುಗಳಿಗೆ ತಮಗೆ ತಾವೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿದೆವು. ಕೋಆಕ್ಸ್ ಸಾಯೋದು ವಯಸ್ಸಾಗಿ ಅಲ್ಲ, ನೀರು ಕುಡಿದು. ತುದಿಯಲ್ಲಿ ಒಂದು ಹನಿ ಇಳಿದರೆ ಜಾಲರಿಯ ಉದ್ದಕ್ಕೂ ಹೀರಿಕೊಂಡು ಹೋಗುತ್ತೆ. ಕೋಣೆಗೆ ಹೋಗುವ ಮುನ್ನ ಕೇಬಲ್ ಒಂದು ಸಲ ಕೆಳಗೆ ಬಾಗಿ ಮೇಲೇರುವ ಹಾಗೆ ಬಿಟ್ಟರೆ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತೆ.

ಮೌನ

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ 7 ಮೆಗಾಹರ್ಟ್ಸ್ ಹಾಕಿದರೆ ಜೇನುಗೂಡಿನ ಸದ್ದು. ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್, ಲಿಫ್ಟು, ಎಲ್ಲರದೂ ಒಂದೊಂದು ಪಾಲು. ಯಗಟಿಯ ಮೋಟ್ರು ಮನೆಯಲ್ಲಿ 12 ವೋಲ್ಟ್ ಬ್ಯಾಟರಿಗೆ ರೇಡಿಯೊ ಸೇರಿಸಿ ಹಾಕಿದಾಗ ಮೊದಲು ಕೆಟ್ಟುಹೋಗಿದೆ ಅಂದುಕೊಂಡರು ಮಾವ. ಅಷ್ಟು ನಿಶ್ಶಬ್ದ. ಡಯಲ್ ತಿರುಗಿಸುತ್ತಾ ಹೋದ ಹಾಗೆ ತಮಿಳು, ಮಲಯಾಳ, ಹಿಂದಿ, ಆಮೇಲೆ ಕನ್ನಡ. ಒಂದೊಂದು ದನಿಯೂ ಖಾಲಿ ಕೋಣೆಯಲ್ಲಿ ಮಾತಾಡಿದ ಹಾಗೆ.

ತ್ರೀ ಫೇಸ್ ಕರೆಂಟು ಬಂದು ಪಂಪು ಶುರುವಾದಾಗ ಗದ್ದಲ ಬಂತು. ಸ್ವಲ್ಪ ಕೇಬಲ್‌ನ ಹೊರಮೈ ಹಿಡಿದು ಬರುತ್ತಿತ್ತು. ಆಂಟೆನಾ ಸೇರುವ ಕಡೆ ಮತ್ತು ಕೋಣೆ ಸೇರುವ ಕಡೆ ಕೇಬಲ್ ಮೇಲೆ ಫೆರೈಟ್ ಉಂಗುರಗಳ ಸಾಲು ಹಾಕಿದಾಗ ತಗ್ಗಿತು. ಉಳಿದದ್ದಕ್ಕೆ ಔಷಧಿ ಇಲ್ಲ. ಪಂಪು ಓಡುವಾಗ ಮಾತಿಲ್ಲ, ಅಷ್ಟೆ. ಮಾವನ ಪ್ರಕಾರ ನೀರು ಬರೋವಾಗ ಬೇರೆ ಮಾತು ಯಾಕೆ.

ಮೇ ತಿಂಗಳಲ್ಲಿ ಆ ಮಳೆ ಬಂತು. ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ ಅಂತಾರೆ ಊರಲ್ಲಿ. ಹಾಗಾಗಿ ಬಂದದ್ದಕ್ಕೆ ಬೇಸರವಿರಲಿಲ್ಲ. ರಾತ್ರಿ ಒಂಬತ್ತಕ್ಕೆ ಅತ್ತೆಯ ಫೋನು ಮಾತಿನ ನಡುವೆ ಕಟ್ ಆಯಿತು. ಆಮೇಲೆ ಇಬ್ಬರ ನಂಬರೂ ಸ್ವಿಚ್ ಆಫ್. ಬೆಳಿಗ್ಗೆಯೂ ಅದೇ. ಬೆಂಗಳೂರಲ್ಲಿ ಹ್ಯಾಮ್ ಸ್ನೇಹಿತರೊಬ್ಬರ ಮನೆ ಟೆರೇಸಿನಲ್ಲಿ ಒಳ್ಳೆಯ ಆಂಟೆನಾ ಇದೆ. ಎಂಟೂವರೆಗೆ ಅಲ್ಲಿ ಹೋಗಿ ಕೂತೆ. ಆಕಾಶ ತಿಳಿಯಾದ ಮೇಲೆ ಇಂಥ ಫ್ರೀಕ್ವೆನ್ಸಿ, ಇಂಥ ಹೊತ್ತು ಅಂತ ಮೊದಲೇ ಮಾತಾಗಿತ್ತು.

ಮೂರನೇ ಸಲ ಕರೆದಾಗ ಉತ್ತರ ಬಂತು. ಮಾವ ಮೇಷ್ಟ್ರ ದನಿಯಲ್ಲೇ ಮೊದಲು ಕಾಲ್‌ಸೈನ್ ಹೇಳಿದರು, ನನ್ನದನ್ನೂ ತಪ್ಪದೆ ಹೇಳಿದರು. ನಿಯಮ ನಿಯಮವೇ. ಆಮೇಲೆ: "ಎಲ್ಲಾ ಕ್ಷೇಮ. ಎರಡು ಮರ ಬಿದ್ದಿದಾವೆ. ಮನೆಗೆ ಏನೂ ಆಗಿಲ್ಲ. ಕರೆಂಟಿಲ್ಲ. ಓವರ್." ಟಿವಿ ಕೇಬಲ್‌ನಲ್ಲಿ ಹತ್ತಿ ಆಕಾಶಕ್ಕೆ ಹೋಗಿ ಬಂದ ಮಾತು. ನಮ್ಮಮ್ಮನಿಗೆ ಫೋನ್ ಮಾಡಿ ಹೇಳಿದೆ. ಅಮ್ಮ ಕೇಳಿದ್ದು, "ಅವನ ಮಾತು ಸರಿಯಾಗಿ ಕೇಳಿಸ್ತಾ, ಉಸಿರು ಕಟ್ಟಿದಂಗಿತ್ತಾ?" ಅಷ್ಟು ಸ್ಪಷ್ಟವಾಗಿ ಕೇಳಿಸಿತ್ತು, ಉತ್ತರ ಕೊಡೋಕಾಯಿತು.

ನಿಮ್ಮ ಊರಲ್ಲೂ ಹೀಗೊಂದು ಮಾಡಬೇಕು ಅನ್ನಿಸಿದರೆ ಹನ್ನೆರಡು ವರ್ಷ ದಾಟಿದ ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು. ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡೋದು ಅಪರಾಧ, ಅದೊಂದು ನೆನಪಿರಲಿ. ಬೆಂಗಳೂರಿನಲ್ಲಿ ಹೇಳಿಕೊಡುವ ಕ್ಲಬ್ಬುಗಳಿವೆ. ಕೇಬಲ್ ಕೊಳ್ಳೋ ಮುನ್ನ ಮೂರು ಅಂಕಿ ಬರೆದುಕೊಳ್ಳಿ: ಎಷ್ಟು ಮೀಟರ್, ಎಷ್ಟು ಮೆಗಾಹರ್ಟ್ಸ್, ಕೆಟ್ಟರೆ ಸಿಗುವ ಅಂಗಡಿ ಎಷ್ಟು ದೂರ.

ಯಗಟಿಯಲ್ಲಿ ಈಗ ಕೇಬಲ್‌ನ ಕೊನೆಯ ಅಧಿಕಾರ ಅತ್ತೆಯದು. ಪಶ್ಚಿಮದ ಗಿರಿಗಳ ಮೇಲೆ ಮೋಡ ಕಪ್ಪಾದರೆ ಹಿತ್ತಿಲಿಂದ ಒಂದು ಕೂಗು ಹಾಕುತ್ತಾರೆ. ಮಾವ ಯಾರ ಜೊತೆ ಮಾತಾಡುತ್ತಿದ್ದರೂ ಸರಿ, ಕಾಲ್‌ಸೈನ್ ಹೇಳಿ ಮುಗಿಸಿ, ಕನೆಕ್ಟರ್ ಬಿಚ್ಚಿ, ಕೇಬಲ್ ತುದಿಯನ್ನು ಕಿಟಕಿಯಿಂದ ಹೊರಗೆ ಹಾಕಿ, ಮನೆಗೆ ಬರುತ್ತಾರೆ.